ಕೆಟ್ಟ ಕಾರಿನ ದಾನ ದಾನವೇ?

ಶ್ರಾವಕನ ಷಟ್ಕರ್ಮಗಳನ್ನು ದೇವಪೂಜೆಯಿಂದ ದಾನದವರೆಗೆ ತಡವರಿಸದೆ ಒಪ್ಪಿಸಬಲ್ಲ ಗೃಹಸ್ಥನೊಬ್ಬನ ಮನೆಯಂಗಳದಲ್ಲಿ ಕಾರೊಂದು ನಿಂತಿದೆ ಎಂದಿಟ್ಟುಕೊಳ್ಳಬಹುದು. ಅಪಘಾತದಲ್ಲಿ ಅದರ ಮುಂಭಾಗ ಜಜ್ಜಿಹೋಗಿದೆ. ಗ್ಯಾರೇಜಿನವನು ಹೇಳಿದ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಗುಜರಿಯವನು ಕೇಳಿದ ಬೆಲೆ ಯಜಮಾನನ ಅಭಿಮಾನಕ್ಕೆ ಒಗ್ಗುವುದಿಲ್ಲ. ಹೊಸ ಕಾರು ಬರುವ ದಿನ ಹತ್ತಿರವಾಗಿದೆ, ಅಂಗಳದಲ್ಲಿ ಜಾಗವಿಲ್ಲ. ಆಗ ಅವನಿಗೆ ಧರ್ಮದ ನೆನಪಾಗುತ್ತದೆ.

ಮಹಾವೀರ ಜಯಂತಿಯ ದಿನ ಆ ಕಾರಿಗೆ ಚೆಂಡು ಹೂವಿನ ಮಾಲೆ ಬೀಳುತ್ತದೆ. ಬಸದಿಯ ವಿಶ್ವಸ್ತ ಮಂಡಲಿಯ ಅಧ್ಯಕ್ಷರು ವೇದಿಕೆಯ ಮೇಲೆ ದಾನಿಗೆ ಶಾಲು ಹೊದಿಸುತ್ತಾರೆ, ಫಲ ತಾಂಬೂಲ ಕೊಡುತ್ತಾರೆ. ಅದರ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳುವ ಧೈರ್ಯ ಮಾತ್ರ ಅಲ್ಲಿ ಯಾರಿಗೂ ಇರುವುದಿಲ್ಲ. ದಾನವಾಗಿ ಬಂದುದನ್ನು ಪರೀಕ್ಷಿಸುವುದು ದಾನಿಗೆ ಅಪಮಾನವೆಂಬ ಭಾವನೆ ಸಮಾಜದಲ್ಲಿ ಅಷ್ಟು ಬಲವಾಗಿ ಬೇರೂರಿದೆ. ಶಾಸ್ತ್ರದ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾಗಿದೆ ಎಂಬುದನ್ನು ಟ್ರಸ್ಟುಗಳೂ ದಾನಿಗಳೂ ಮರೆತಿರುವುದರಿಂದಲೇ ಈ ವಿಷಯವನ್ನು ಸ್ವಲ್ಪ ಕಟುವಾಗಿಯೇ ಚರ್ಚಿಸಬೇಕಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನದ ಲಕ್ಷಣವನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟಾಗುತ್ತದೆ ಎಂದೂ ತಿಳಿಸುತ್ತಾರೆ. ಈ ನಾಲ್ಕರಲ್ಲಿ ದಾತೃವಿನ ಹೆಸರು ಶಿಲಾಫಲಕದಲ್ಲಿ ಕೆತ್ತಲ್ಪಡುತ್ತದೆ. ವಿಧಿಯನ್ನು ಪುರೋಹಿತರು ನೋಡಿಕೊಳ್ಳುತ್ತಾರೆ. ಪಾತ್ರವೆಂದರೆ ಬಸದಿಯಲ್ಲವೇ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಉಳಿಯುವುದು ದ್ರವ್ಯ. ಕೊಡುವ ವಸ್ತು ಪಡೆಯುವವನಿಗೆ ಉಪಕಾರವನ್ನು ಮಾಡುತ್ತದೆಯೇ ಎಂಬ ಆ ಒಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ದಾನಿಗಿರಬೇಕಾದ ಸಪ್ತಗುಣಗಳಲ್ಲಿ ಶ್ರದ್ಧೆ, ಭಕ್ತಿಗಳ ಜೊತೆಗೆ ವಿಜ್ಞಾನವನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ. ಇಲ್ಲಿ ವಿಜ್ಞಾನವೆಂದರೆ ಯಾವುದನ್ನು, ಯಾರಿಗೆ, ಯಾವಾಗ ಕೊಡಬೇಕೆಂಬ ತಿಳಿವಳಿಕೆ. ತನ್ನ ಕಾರಿನ ಚಾಸಿಸ್ ಬಾಗಿದೆಯೆಂದು ಬಲ್ಲವನು ಅದನ್ನು ಹೇಳದೆ ಕೊಟ್ಟರೆ ಆ ತಿಳಿವಳಿಕೆ ಅವನಲ್ಲಿ ಇಲ್ಲವೆಂದಲ್ಲ, ಇದ್ದೂ ಅದನ್ನು ಅಡಗಿಸಿಟ್ಟನೆಂದೇ ಹೇಳಬೇಕು.

ಆಹಾರದಾನದ ವಿಷಯದಲ್ಲಿ ಇದೇ ಶ್ರಾವಕನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಗಮನಿಸಬೇಕು. ಮುನಿಗಳ ಪಡಗಾಹನೆಗೆ ನಿಲ್ಲುವ ದಿನ ಬಾವಿಯ ನೀರನ್ನು ಸೋಸಿ, ಕಾಯಿಸಿ ಇಡುತ್ತಾನೆ. ಅಕ್ಕಿಯನ್ನು ಕಾಳು ಕಾಳಾಗಿ ಆರಿಸುತ್ತಾನೆ. ಮರ್ಯಾದೆ ಮೀರಿದ ಹಿಟ್ಟನ್ನು ಬಳಸುವುದಿಲ್ಲ. ನಿನ್ನೆಯ ಅನ್ನವನ್ನು ಬಿಸಿಮಾಡಿ ಬಡಿಸುವ ಯೋಚನೆ ಅವನ ಕನಸಿನಲ್ಲಿಯೂ ಸುಳಿಯುವುದಿಲ್ಲ. ಅದೇ ಮನುಷ್ಯ ಅದೇ ಸಂಘದ ವಿಹಾರಕ್ಕೆಂದು ವಾಹನ ಕೊಡುವಾಗ ಮಾತ್ರ ಹಳಸಿದ್ದನ್ನು ಆರಿಸಿ ಕೊಡುತ್ತಾನೆ! ಕಬ್ಬಿಣಕ್ಕೆ ಹಳಸಲು ವಾಸನೆ ಇಲ್ಲದಿರುವುದೇ ಇದಕ್ಕೆ ಕಾರಣವಿರಬೇಕು.

ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಕನ್ನಡ ಬಲ್ಲ ಜೈನರಲ್ಲಿ ಮಕ್ಕಳಿಗೂ ಗೊತ್ತು. ಆಕೆ ಮನೆಯ ಅಟ್ಟದಲ್ಲಿ ಗೆದ್ದಲು ತಿಂದು ಉಳಿದಿದ್ದ ಗರಿಗಳನ್ನು ಕಟ್ಟಿ ಕೊಡಲಿಲ್ಲ. ಹೊಸ ಗರಿ ತರಿಸಿದಳು, ಲಿಪಿಕಾರರಿಗೆ ಸಂಭಾವನೆ ಕೊಟ್ಟಳು. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸಂದದ್ದು ಮನೆಯನ್ನು ಖಾಲಿ ಮಾಡಿದ್ದಕ್ಕಲ್ಲ. ಆಕೆಯ ಹೆಸರನ್ನು ಪ್ರತಿ ಸಮಾರಂಭದಲ್ಲಿ ಸ್ಮರಿಸುವ ಸಮಾಜ ಇಷ್ಟನ್ನು ನೆನಪಿಟ್ಟುಕೊಂಡರೆ ತಪ್ಪಿಲ್ಲ.

ಕೆಟ್ಟ ಕಾರನ್ನು ಧರ್ಮಸಂಸ್ಥೆಗೆ ಕೊಡುವ ಪದ್ಧತಿ ಒಂದು ದೊಡ್ಡ ವ್ಯವಹಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಿಗೆ ಇದು ಚೆನ್ನಾಗಿ ಪರಿಚಿತ. ದಾನಿಯ ಮನೆಯ ಮುಂದೆ ಎಳೆಯುವ ಲಾರಿ ಬಂದು ಓಡದ ಕಾರನ್ನು ಎಳೆದೊಯ್ಯುತ್ತದೆ. ಅದು ಹೋಗುವುದು ಅನಾಥಾಲಯಕ್ಕೋ ಆಸ್ಪತ್ರೆಗೋ ಅಲ್ಲ, ಹರಾಜುಕಟ್ಟೆಗೆ. ಹರಾಜಿನಲ್ಲಿ ಬಂದ ಹಣದಿಂದ ಎಳೆದ ಕೂಲಿ, ಮಧ್ಯವರ್ತಿಯ ಪಾಲು, ಜಾಹೀರಾತಿನ ಖರ್ಚು ಕಳೆದು ಉಳಿದದ್ದು ಧರ್ಮಸಂಸ್ಥೆಗೆ. ದಾನಿ ಮಾತ್ರ ಬಹುಕಾಲದವರೆಗೆ ಬೆಲೆಪಟ್ಟಿಯ ಪುಸ್ತಕದಲ್ಲಿದ್ದ ಪೂರ್ಣ ಬೆಲೆಯನ್ನೇ ತನ್ನ ಆದಾಯದಿಂದ ಕಳೆದು ತೋರಿಸುತ್ತಿದ್ದ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2003ರ ನವೆಂಬರಿನಲ್ಲಿ ಈ ಬಗ್ಗೆ ವರದಿಯೊಂದನ್ನು ಹೊರತಂದಿತು. 2000ದ ತೆರಿಗೆ ವರ್ಷದಲ್ಲಿ ಸುಮಾರು 7 ಲಕ್ಷ 33 ಸಾವಿರ ತೆರಿಗೆ ಪತ್ರಗಳಲ್ಲಿ ವಾಹನದಾನವನ್ನು ತೋರಿಸಲಾಗಿತ್ತು. ಪರಿಶೋಧಕರು ಮೊದಲಿನಿಂದ ಕೊನೆಯವರೆಗೆ ಜಾಡು ಹಿಡಿದು ನೋಡಿದ 54 ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲಿನ ವಿಷಯದಲ್ಲಿ, ದಾನಿ ಹೇಳಿಕೊಂಡ ಬೆಲೆಯ ಶೇಕಡಾ 5ರಷ್ಟು ಅಥವಾ ಅದಕ್ಕಿಂತಲೂ ಕಡಿಮೆ ಹಣ ಧರ್ಮಸಂಸ್ಥೆಗೆ ತಲುಪಿತ್ತು.

ನೂರು ಕೊಟ್ಟೆನೆಂದು ಬರೆದುಕೊಂಡವನ ದಾನದಲ್ಲಿ ಐದು ತಲುಪಿದರೆ ಉಳಿದ ತೊಂಬತ್ತೈದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು? ಅಮೆರಿಕದ ಸಂಸತ್ತು ಇದಕ್ಕೆ 2004ರಲ್ಲಿ ಕಾನೂನಿನ ಮೂಲಕ ಉತ್ತರ ಕೊಟ್ಟಿತು. 2005ರಿಂದ 500 ಡಾಲರಿಗೆ ಮೀರಿದ ಬೆಲೆ ಹೇಳುವ ದಾನಿ, ಸಂಸ್ಥೆ ಆ ವಾಹನವನ್ನು ಮಾರಿ ವಾಸ್ತವವಾಗಿ ಪಡೆದಷ್ಟನ್ನೇ ತೋರಿಸಬೇಕು. ಸಂಸ್ಥೆ ಅದನ್ನು ತನ್ನ ಸೇವಾಕಾರ್ಯದಲ್ಲಿ ಗಣನೀಯವಾಗಿ ಬಳಸಿದರೆ, ಅಥವಾ ಮುಖ್ಯವಾದ ದುರಸ್ತಿ ಮಾಡಿಸಿದರೆ, ಅಥವಾ ಬಡವನೊಬ್ಬನಿಗೆ ಅತಿ ಕಡಿಮೆ ಬೆಲೆಗೆ ಕೊಟ್ಟರೆ ಮಾತ್ರ ವಾಹನದ ನಿಜಬೆಲೆಯನ್ನು ಹೇಳಬಹುದು. ಅಂದರೆ ದ್ರವ್ಯ ಎಂಥದು, ಅದು ಪಾತ್ರಕ್ಕೆ ತಲುಪಿತೇ, ಉಪಕಾರವಾಯಿತೇ ಎಂಬ ಪ್ರಶ್ನೆಗಳನ್ನು ತೆರಿಗೆ ಅಧಿಕಾರಿಗಳು ಕೇಳತೊಡಗಿದರು. ಶ್ರಾವಕರು ಪ್ರತಿ ಪರ್ವದಲ್ಲಿ ಪಾರಾಯಣ ಮಾಡುವ ಸೂತ್ರದಲ್ಲಿ ಈ ಪ್ರಶ್ನೆಗಳು ಮೊದಲೇ ಇದ್ದುವು.

ಭಾರತದಲ್ಲಿ ತೆರಿಗೆಯ ಆಸೆ ಈ ದಾನಕ್ಕೆ ಕಾರಣವಾಗಲು ಎಡೆಯೇ ಇಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮು ಹಣದ ರೂಪದ ದಾನಕ್ಕೆ ರಿಯಾಯಿತಿ ಕೊಟ್ಟಿತೇ ಹೊರತು ವಸ್ತುರೂಪದ ದಾನಕ್ಕೆ ಕೊಡಲಿಲ್ಲ. ಇದನ್ನು ತಿಳಿದ ಕೆಲವು ಜಾಣರು ಕಾರನ್ನು ಕೊಟ್ಟು, ಹಣ ಕೊಟ್ಟಂತೆ ರಸೀದಿ ಬರೆಯಿಸಿಕೊಳ್ಳಲು ಬಯಸುವುದುಂಟು. ಅಂಥ ರಸೀದಿಗೆ ಸಹಿ ಹಾಕುವ ಕಾರ್ಯದರ್ಶಿ ಸತ್ಯಾಣುವ್ರತದ ಅತಿಚಾರಗಳನ್ನೊಮ್ಮೆ ತೆರೆದು ನೋಡಬೇಕು. ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಬರೆಯುವುದು, ಅಲ್ಲಿ ಹೆಸರು ಹಿಡಿದೇ ಹೇಳಲ್ಪಟ್ಟಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಬರುವ ಪ್ರತಿರೂಪಕವ್ಯವಹಾರವೂ ದೂರದ ಮಾತಲ್ಲ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿಗೆ ಬಣ್ಣ ಬಳಿಸಿ, ಚೆನ್ನಾಗಿರುವ ಕಾರೆಂದು ಒಪ್ಪಿಸುವುದು ಕಲಬೆರಕೆ ತುಪ್ಪ ಮಾರುವುದಕ್ಕಿಂತ ಯಾವ ರೀತಿಯಲ್ಲಿ ಭಿನ್ನ? ತುಪ್ಪದಲ್ಲಾದರೋ ಕೊಳ್ಳುವವನಿಗೆ ಮೂಸಿ ನೋಡುವ ಅವಕಾಶವಿದೆ.

ಇದುವರೆಗೆ ಹೇಳಿದ್ದು ಸುಳ್ಳು ಮತ್ತು ಲೋಭದ ಮಾತಾಯಿತು. ಇವೆರಡಕ್ಕಿಂತಲೂ ಗಂಭೀರವಾದುದು ಹಿಂಸೆ.

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನ ಒಂದು. ಕೊಡಲಿ, ಕತ್ತಿ, ವಿಷ, ಬೆಂಕಿ, ಸಂಕೋಲೆ ಮುಂತಾಗಿ ಪ್ರಾಣಿವಧೆಗೆ ಸಾಧನವಾಗುವುದನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಆಚಾರ್ಯರು ಹಾಗೆ ಕರೆದರು. ಬ್ರೇಕು ಸವೆದ, ಸ್ಟೇರಿಂಗು ಸಡಿಲವಾದ, ಟೈರಿನ ಮೈ ನುಣ್ಣಗಾದ ಕಾರನ್ನು ಇನ್ನೊಬ್ಬರು ಓಡಿಸಲೆಂದು ಕೊಡುವುದು ಈ ಪಟ್ಟಿಗೆ ಸೇರುವುದೋ ಇಲ್ಲವೋ ಎಂದು ಪಂಡಿತರನ್ನು ಕೇಳಬೇಕಾದ ಅಗತ್ಯವಿಲ್ಲ. ಆ ಕಾರಿನಲ್ಲಿ ಕುಳಿತುಕೊಳ್ಳುವವರು ಯಾರು? ಶ್ರವಣಬೆಳಗೊಳಕ್ಕೋ ಹುಂಚಕ್ಕೋ ಯಾತ್ರೆ ಹೊರಟ ವೃದ್ಧ ಶ್ರಾವಿಕೆಯರು, ಪಾಠಶಾಲೆಯ ಮಕ್ಕಳು, ಹತ್ತಿರದ ಆಸ್ಪತ್ರೆಗೆ ಹೋಗಬೇಕಾದ ಬಸದಿಯ ಪುರೋಹಿತರು. ದಾನಿಯ ಮನೆಯವರು ಅದರಲ್ಲಿ ಕುಳಿತುಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಇವರೆಲ್ಲರೂ ಕುಳಿತುಕೊಳ್ಳಲು ಯೋಗ್ಯರಾದರು.

ಮುನಿಸಂಘದ ವಿಹಾರವನ್ನು ಕಣ್ಣಾರೆ ಕಂಡವರಿಗೆ ಇದರ ಭೀಕರತೆ ಬೇಗ ಮನದಟ್ಟಾಗುತ್ತದೆ. ಸೂರ್ಯೋದಯದ ಹೊತ್ತಿನ ಮಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ತ್ಯಾಗಿಗಳು ಬರಿಗಾಲಿನಲ್ಲಿ ನಡೆಯುತ್ತಿರುತ್ತಾರೆ. ಚೌಕದ ಸಾಮಾನು, ನೀರಿನ ಪಾತ್ರೆಗಳನ್ನು ಹೊತ್ತ ವಾಹನ ಅವರ ಹಿಂದೆಯೋ ಮುಂದೆಯೋ ನಿಧಾನವಾಗಿ ಸಾಗುತ್ತದೆ. ಹಿಂದಿನಿಂದ ಬರುವ ಲಾರಿಗಳಿಗೆ ಸೂಚನೆ ಕೊಡಬೇಕಾದುದು ಅದರ ಕೆಂಪುದೀಪ. ಈ ದೇಶದ ಹೆದ್ದಾರಿಗಳಲ್ಲಿ ವಿಹಾರನಿರತ ಮುನಿಗಳೂ ಆರ್ಯಿಕೆಯರೂ ಸಾಧ್ವಿಯರೂ ವಾಹನಗಳಿಗೆ ಸಿಕ್ಕಿ ಪ್ರಾಣ ಬಿಟ್ಟ ದಾರುಣ ಘಟನೆಗಳು ಮತ್ತೆ ಮತ್ತೆ ನಡೆದಿವೆ. ಇರುವೆಗೂ ನೋವಾಗದಂತೆ ನಾಲ್ಕು ಮೊಳ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುವವರ ಬೆನ್ನ ಹಿಂದೆ ದೀಪ ಹೊತ್ತದ, ಬ್ರೇಕು ಹಿಡಿಯದ ವಾಹನವನ್ನು ನಿಲ್ಲಿಸಿ ಅದನ್ನು ಗುರುಸೇವೆ ಎನ್ನುವುದಾದರೆ ಆ ಪದಕ್ಕೆ ಬೇರೆ ಅರ್ಥವನ್ನು ಹುಡುಕಬೇಕಾಗುತ್ತದೆ.

ಓಡದೆ ನಿಂತ ಕಾರಿನಿಂದ ಹಿಂಸೆಯಿಲ್ಲವೆಂದು ಭಾವಿಸುವವರು ಮಳೆಗಾಲದಲ್ಲಿ ಅಂಥ ಕಾರು ನಿಂತ ಬಸದಿಯ ಹಿತ್ತಿಲಿಗೆ ಹೋಗಿ ನೋಡಬೇಕು. ಒಡೆದ ಗಾಜಿನ ಮೂಲಕ ಒಳಗೆ ನೀರು ಬೀಳುತ್ತದೆ. ಕಳಚಿಟ್ಟ ಟೈರುಗಳಲ್ಲಿ ನೀರು ನಿಂತು ಸೊಳ್ಳೆಗಳು ಹುಟ್ಟುತ್ತವೆ. ಸೀಟಿನ ಅಡಿಯಲ್ಲಿ ಇಲಿ ಮರಿ ಹಾಕುತ್ತದೆ, ಇಲಿಯನ್ನು ಅರಸಿ ಹಾವು ಬರುತ್ತದೆ. ಡೆಂಗೆ ಜ್ವರದ ಭಯದಿಂದ ಪಂಚಾಯಿತಿಯವರು ಬಂದು ಹೊಗೆ ಹಾಕುತ್ತಾರೆ, ಔಷಧ ಸಿಂಪಡಿಸುತ್ತಾರೆ. ಹೀಗೆ ಅಭಿಷೇಕದ ನೀರನ್ನು ಸೋಸಿ ತರುವ ದಾರಿಯ ಪಕ್ಕದಲ್ಲಿಯೇ ಅಸಂಖ್ಯಾತ ತ್ರಸಜೀವಿಗಳ ಉತ್ಪತ್ತಿಯೂ ಸಂಹಾರವೂ ವರ್ಷವರ್ಷವೂ ನಡೆಯುತ್ತವೆ. ಎಂಜಿನ್ನಿನ ಎಣ್ಣೆ ಸೋರಿ ಮಣ್ಣಿಗೆ ಇಳಿಯುತ್ತದೆ. ಹಳೆಯ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುತ್ತವೆ. ಅದು ಬಿರಿದರೆ ಬಾವಿಯೂ ಸುರಕ್ಷಿತವಲ್ಲ. ಇದರಲ್ಲಿ ಎಷ್ಟು ಪಾಲು ದಾನಿಗೆ, ಎಷ್ಟು ಪಾಲು ಟ್ರಸ್ಟಿಗೆ ಎಂಬ ಲೆಕ್ಕವನ್ನು ಅವರವರೇ ಹಾಕಿಕೊಳ್ಳಬಹುದು. ಪ್ರಮಾದಚರ್ಯೆ ಇಬ್ಬರದೂ ಹೌದು.

ಟ್ರಸ್ಟುಗಳು ಒಪ್ಪಿಕೊಳ್ಳಲು ಹಿಂಜರಿಯುವ ಇನ್ನೊಂದು ಸತ್ಯವಿದೆ. ದಾನ ಬಂದ ಕಾರನ್ನು ಓಡುವಂತೆ ಮಾಡಲು ಹಣ ಬೇಕು. ಆ ಹಣ ಎಲ್ಲಿಂದ ಬರುತ್ತದೆ? ಯಾರೋ ತಮ್ಮ ತಾಯಿಯ ಸ್ಮರಣೆಗೆ ಇಟ್ಟ ಶಾಶ್ವತ ಪೂಜಾನಿಧಿಯ ಬಡ್ಡಿಯಿಂದ, ಹುಂಡಿಯಿಂದ, ಜೀರ್ಣೋದ್ಧಾರಕ್ಕೆಂದು ಕೂಡಿಟ್ಟ ಮೊತ್ತದಿಂದ. ದೇವದ್ರವ್ಯವನ್ನು ಅನ್ಯ ಕಾರ್ಯಕ್ಕೆ ಬಳಸಬಾರದೆಂಬುದು ಎಲ್ಲ ಸಂಪ್ರದಾಯಗಳೂ ಒಪ್ಪಿದ ಮರ್ಯಾದೆ. ಒಬ್ಬನ ಅಂಗಳವನ್ನು ಖಾಲಿ ಮಾಡಿಸಿದ ಪುಣ್ಯಕಾರ್ಯಕ್ಕೆ ಇನ್ನೊಬ್ಬಳು ಮುದುಕಿ ಹಾಲಿನ ಅಭಿಷೇಕಕ್ಕೆ ಕೊಟ್ಟ ಹಣ ಗ್ಯಾರೇಜಿಗೆ ಹರಿದುಹೋಗುತ್ತದೆ. ಆಮೇಲೆ ವಿಮೆಯ ಕಂತು, ಹದಿನೈದು ವರ್ಷ ದಾಟಿದ ಕಾರಾದರೆ ನೋಂದಣಿಯ ನವೀಕರಣ, ಡ್ರೈವರನ ಸಂಬಳ. ಶಾಲು ಹೊದಿಸಿಕೊಂಡವನು ಇವುಗಳಲ್ಲಿ ಯಾವುದಕ್ಕೂ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಕಾನೂನಿನ ತೊಡಕೂ ಸಣ್ಣದಲ್ಲ. ಬಹಳ ಸಂದರ್ಭಗಳಲ್ಲಿ ಕೀಲಿಕೈ ಮಾತ್ರ ಕೈ ಬದಲಾಗುತ್ತದೆ, ನೋಂದಣಿ ಪುಸ್ತಕ ಬದಲಾಗುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಒಂದೇ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಟ್ಟವನು 14 ದಿನಗಳೊಳಗೆ, ಪಡೆದವನು 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಹಾಗೆ ಮಾಡದಿದ್ದಲ್ಲಿ ವಾಹನ ಎಷ್ಟು ಕೈ ದಾಟಿದ್ದರೂ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಕೊಟ್ಟು ಕೈ ತೊಳೆದುಕೊಂಡೆನೆಂದು ನಿಶ್ಚಿಂತನಾಗಿರುವ ದಾನಿಗೆ ನ್ಯಾಯಾಲಯದ ನೋಟೀಸು ಬರುವುದು ಇಂಥ ಸಂದರ್ಭದಲ್ಲಿಯೇ. ಅತ್ತ, ತನ್ನ ಹೆಸರಿಗೆ ಬಾರದ ಕಾರನ್ನು ಕ್ರಮಪ್ರಕಾರ ಗುಜರಿಗೆ ಹಾಕಲೂ ಟ್ರಸ್ಟಿಗೆ ಅಧಿಕಾರವಿರುವುದಿಲ್ಲ. ಹಿತ್ತಿಲಿನಲ್ಲಿ ಅದು ತುಕ್ಕು ಹಿಡಿದು ನಿಲ್ಲುವುದು ಈ ಕಾರಣದಿಂದ.

ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಕೊಟ್ಟನಲ್ಲ ಎಂದು ವಾದಿಸುವವರಿದ್ದಾರೆ. ಯಥಾಶಕ್ತಿ ದಾನವೆಂಬ ಮಾತನ್ನೂ ಅವರು ಎತ್ತುತ್ತಾರೆ. ಬಡವನು ತನ್ನ ಒಪ್ಪತ್ತಿನ ಗಂಜಿಯಲ್ಲಿ ಅರ್ಧವನ್ನು ಕೊಟ್ಟರೆ ಅದು ಯಥಾಶಕ್ತಿ. ಹೊಸ ಕಾರಿಗೆ ಹಣ ಕಟ್ಟಿದವನು ಹಳೆಯದನ್ನು ಎಸೆಯುವ ಸ್ಥಳವಾಗಿ ಬಸದಿಯನ್ನು ಆರಿಸಿಕೊಳ್ಳುವುದಕ್ಕೆ ಆ ಪದ ಸಲ್ಲದು. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು ಅತಿವಾಹನವನ್ನು ಮೊದಲು ಇಟ್ಟಿದ್ದಾರೆ. ಲೋಭದಿಂದ ಪಶುಗಳನ್ನು ಶಕ್ತಿ ಮೀರಿ ಓಡಿಸುವುದೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಅಗತ್ಯ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದೆಂದೂ ಹೇಳುವವರಿದ್ದಾರೆ. ಯಾವ ಅರ್ಥವನ್ನು ಹಿಡಿದರೂ, ತನ್ನ ಪರಿಗ್ರಹವನ್ನು ಕಡಿಮೆ ಮಾಡಿಕೊಳ್ಳುವುದಕ್ಕೂ ಅದನ್ನು ದೇವರ ಅಂಗಳಕ್ಕೆ ಸ್ಥಳಾಂತರಿಸುವುದಕ್ಕೂ ಅಂತರವಿದೆ.

ಕೆಟ್ಟ ವಾಹನವನ್ನು ಯಾರಿಗೂ ಕೊಡಲೇಬಾರದೆಂದು ಇದರ ತಾತ್ಪರ್ಯವಲ್ಲ. ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಮೋಟಾರು ವಾಹನದ ದುರಸ್ತಿ ಕಲಿಯುವ ಹುಡುಗರಿಗೆ ಸರಿಯಾಗಿ ಓಡುವ ಕಾರಿಗಿಂತ ಕೆಟ್ಟು ನಿಂತ ಕಾರೇ ಹೆಚ್ಚು ಉಪಯುಕ್ತ. ಎಂಜಿನ್ನನ್ನು ಬಿಚ್ಚಿ ಜೋಡಿಸಿ ಅವರು ವಿದ್ಯೆ ಕಲಿಯುತ್ತಾರೆ. ಅಲ್ಲಿ ಅದು ಶಾಸ್ತ್ರದಾನಕ್ಕೆ ಸಮೀಪದ್ದು ಎಂದರೂ ಅತಿಶಯೋಕ್ತಿಯಾಗದು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದಂಥ ಕಡೆಗಳಲ್ಲಿ ಓಡದ ಕಾರಿಗೂ ನೋಡುವವರಿದ್ದಾರೆ, ಆರೈಕೆ ಮಾಡುವವರೂ ಇದ್ದಾರೆ. ಆದರೆ ಇಂಥ ಕಡೆ ಕೊಡುವಾಗ ಇದು ಕೆಟ್ಟಿದೆ, ಇಂಥ ಭಾಗ ಮುರಿದಿದೆ ಎಂದು ಹೇಳಿಯೇ ಕೊಡಲಾಗುತ್ತದೆ. ಪಡೆಯುವವರೂ ಹಾಗೆಂದು ತಿಳಿದೇ ಪಡೆಯುತ್ತಾರೆ. ದ್ರವ್ಯಕ್ಕೂ ಪಾತ್ರಕ್ಕೂ ಹೊಂದಾಣಿಕೆಯಿದೆ.

ಉಳಿದವರಿಗೆ ನೇರವಾದ ಮಾರ್ಗವೊಂದು ತೆರೆದಿದೆ. 2021ರ ಕೇಂದ್ರ ನಿಯಮಗಳಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಗಳು ಸ್ಥಾಪನೆಯಾಗಿವೆ. ಮಾಲೀಕನು ಅಲ್ಲಿಗೆ ವಾಹನವನ್ನು ಒಪ್ಪಿಸಿದರೆ ಗುಜರಿಯ ಬೆಲೆ ದೊರೆಯುತ್ತದೆ, ಠೇವಣಿ ಪ್ರಮಾಣಪತ್ರ ದೊರೆಯುತ್ತದೆ, ನೋಂದಣಿ ರದ್ದಾಗುತ್ತದೆ. ಎಣ್ಣೆಯನ್ನೂ ಬ್ಯಾಟರಿಯನ್ನೂ ಬೇರ್ಪಡಿಸಿ ವಿಲೇವಾರಿ ಮಾಡುವ ಹೊಣೆ ಆ ಕೇಂದ್ರದ್ದು. ಬಂದ ಹಣವನ್ನು ದಾನಿ ಚೆಕ್ಕಿನ ಮೂಲಕ ಟ್ರಸ್ಟಿಗೆ ಕೊಡಬಹುದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕರಲ್ಲಿ ಯಾವುದಕ್ಕೆ ಬೇಕಾದರೂ ಅದು ಸಲ್ಲುತ್ತದೆ. ರಸೀದಿಯಲ್ಲಿ ಬರೆದ ಅಂಕಿ ಸತ್ಯವಾಗಿರುತ್ತದೆ. ಆ ಅಂಕಿ ಸಣ್ಣದೆಂದೂ, ಅದಕ್ಕೆ ಶಾಲು ಹೊದಿಸುವುದಿಲ್ಲವೆಂದೂ ದಾನಿ ಹಿಂಜರಿದರೆ, ಅವನು ಮೊದಲು ಕೊಡಲು ಹೊರಟಿದ್ದ ಕಾರಿನ ನಿಜವಾದ ಬೆಲೆಯೂ ಅಷ್ಟೇ ಆಗಿತ್ತೆಂದು ಯಾರಾದರೂ ಅವನಿಗೆ ಮೆಲ್ಲಗೆ ತಿಳಿಸಬೇಕು.

ಟ್ರಸ್ಟುಗಳ ಕಡೆಯಿಂದ ಆಗಬೇಕಾದುದು ಒಂದು ನಿರ್ಣಯ. ಪರಿಚಯದ ಮೆಕ್ಯಾನಿಕ್ಕನ ಬರಹದ ವರದಿ, ಚಾಲ್ತಿಯಲ್ಲಿರುವ ವಿಮೆ, ವರ್ಗಾವಣೆಗೆ ಸಹಿಯಾದ ನಮೂನೆಗಳು ಇವಿಲ್ಲದೆ ಯಾವ ವಾಹನವನ್ನೂ ಸ್ವೀಕರಿಸಕೂಡದು. ಕನಿಷ್ಠ ಎರಡು ವರ್ಷದ ನಿರ್ವಹಣೆಯ ಹಣವನ್ನು ವಾಹನದೊಂದಿಗೇ ದಾನಿ ಕೊಡತಕ್ಕದ್ದು. ಇದನ್ನು ಸರ್ವಸದಸ್ಯರ ಸಭೆಯಲ್ಲಿ ಓದಿ ನಡವಳಿ ಪುಸ್ತಕದಲ್ಲಿ ಬರೆದಿಟ್ಟರೆ ಅಧ್ಯಕ್ಷರು ದಾಕ್ಷಿಣ್ಯಕ್ಕೆ ಬೀಳುವ ಪ್ರಸಂಗ ಬರುವುದಿಲ್ಲ. ನಿಯಮವೇ ಅವರ ಪರವಾಗಿ ಮಾತನಾಡುತ್ತದೆ. ಈಗಾಗಲೇ ಹಿತ್ತಿಲಿನಲ್ಲಿ ನಿಂತಿರುವ ಕಾರುಗಳ ನೋಂದಣಿ ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಮೊದಲು ಹುಡುಕಬೇಕು. ಅವು ಇನ್ನೂ ದಾನಿಗಳ ಹೆಸರಿನಲ್ಲಿಯೇ ಇದ್ದರೆ, ಬರುವ ಚಾತುರ್ಮಾಸದ ಮಳೆ ಹಿಡಿಯುವುದಕ್ಕೆ ಮುಂಚೆ ಅವುಗಳನ್ನು ತಮ್ಮ ಖರ್ಚಿನಲ್ಲಿ ಗುಜರಿ ಕೇಂದ್ರಕ್ಕೆ ಸಾಗಿಸಿಕೊಡುವಂತೆ ಆಯಾ ದಾನಿಗಳಿಗೆ, ಶಾಲು ಹೊದಿಸಿದಷ್ಟೇ ಗೌರವದಿಂದ, ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಬೇಕು.